ಹೊರಗಿನ ಕಿವಿ

ಕರಿ ಬಿಯರಿಗೆ ಹುಚ್ಚು ಹಿಡಿದಿದೆ ಎಂದು ಬಾರಿನ ಒಡತಿ ಫೋನ್ ಮಾಡಿದ್ದು ಮಂಗಳವಾರ ಮಧ್ಯಾಹ್ನ. ಲೋಟಕ್ಕೆ ಬಿಟ್ಟರೆ ಮುಕ್ಕಾಲು ಪಾಲು ನೊರೆ, ಕಾಲು ಪಾಲು ಬಿಯರು. ಆ ನೊರೆಯೂ ನೆಟ್ಟಗಿಲ್ಲ. ಕರಿ ಬಿಯರಿನ ನೊರೆ ಹಾಲಿನ ಕೆನೆಯ ಹಾಗೆ ದಟ್ಟವಾಗಿ, ಅಲುಗಾಡದೆ ಕೂತಿರಬೇಕು. ಇದು ಬಟ್ಟೆ ಒಗೆದ ನೀರಿನ ಹಾಗೆ ದಪ್ಪ ದಪ್ಪ ಗುಳ್ಳೆ ಎಬ್ಬಿಸಿಕೊಂಡು ಲೋಟದಿಂದಾಚೆ ಹರಿಯುತ್ತಿತ್ತಂತೆ.

"ಹಳೇ ಗಿರಾಕಿಗಳೆಲ್ಲ ಲೋಟ ವಾಪಸ್ ತಳ್ತಿದಾರೆ ಕಣೇ. ಕೈಯಲ್ಲಿರೋ ಕೆಲಸ ಬಿಟ್ಟು ಬಾ" ಎಂದಳು.

ಬಾರುಗಳಿಗೆ ಗ್ಯಾಸ್ ಜೋಡಿಸುವುದು ನನ್ನ ಕೆಲಸ. ಹಾಗೆಂದ ತಕ್ಷಣ ಎಲ್ಲರೂ ಅಡುಗೆ ಒಲೆಯ ಕಡೆ ನೋಡುತ್ತಾರೆ. ಅದಲ್ಲ, ಅದಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿಯ ಪಸೆ ಆರಿದೆ. ನಲ್ಲಿ ಎಳೆದರೆ ಬಿಯರು ತಾನಾಗಿಯೇ ಮೇಲಕ್ಕೆ ಬರುವುದಿಲ್ಲ. ನೆಲಮಾಳಿಗೆಯ ಪೀಪಾಯಿಯೊಳಗೆ ಗ್ಯಾಸು ಹೊಕ್ಕು ಅದನ್ನು ತಳ್ಳಬೇಕು. ಹಳದಿ ಬಿಯರಿಗೆ ಬರೀ ಕಾರ್ಬನ್ ಡೈಆಕ್ಸೈಡ್ ಸಾಕು, ಅದರ ಚುರುಕೆಲ್ಲ ಆ ಗ್ಯಾಸಿನದೇ. ಕರಿ ಬಿಯರಿನ ಗತ್ತು ಬೇರೆ. ಅದಕ್ಕೆ ಮುಕ್ಕಾಲು ಪಾಲು ನೈಟ್ರೋಜನ್, ಕಾಲು ಪಾಲು ಕಾರ್ಬನ್ ಡೈಆಕ್ಸೈಡ್ ಬೆರೆಸಿ ಕೊಡಬೇಕು. ನೈಟ್ರೋಜನ್ ಬಿಯರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಸಾಸಿವೆಗಿಂತ ಸಣ್ಣ ಗುಳ್ಳೆಗಳಾಗಿ ಹೊರಗೆ ಬಂದು ಕೆನೆ ಕಟ್ಟುತ್ತದೆ. ಬೆರೆಸುವ ಪೆಟ್ಟಿಗೆಗೆ ನೈಟ್ರೋಜನ್ ಬರುವುದು ನಿಂತರೆ ಪೀಪಾಯಿಗೆ ಬರೀ ಕಾರ್ಬನ್ ಡೈಆಕ್ಸೈಡ್ ನುಗ್ಗುತ್ತದೆ, ಕರಿ ಬಿಯರು ಸೋಡಾದ ಹಾಗೆ ಕುಣಿಯುತ್ತದೆ. ಹೊಸ ಪೆಟ್ಟಿಗೆಗಳು ಹೀಗಾದಾಗ ತಾವಾಗಿಯೇ ಬಂದ್ ಆಗುತ್ತವೆ. ಆ ಬಾರಿನಲ್ಲಿದ್ದದ್ದು ಓಬೀರಾಯನ ಕಾಲದ್ದು.

ಹಾಗಾಗಿ ಅಲ್ಲಿಗೆ ಹೋಗುವ ಮೊದಲೇ ನನಗೆ ಗೊತ್ತಿತ್ತು, ನೈಟ್ರೋಜನ್ ಮುಗಿದಿದೆ. ಅದು ಮುಗಿಯುವ ತನಕ ಮಾವ ಏನು ಮಾಡುತ್ತಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಾವ ಎಂದರೆ ನನ್ನ ಗಂಡನ ಅಪ್ಪ. ಆ ಬಾರಿನ ನೆಲಮಾಳಿಗೆ ಮೂವತ್ತೆಂಟು ವರ್ಷದಿಂದ ಅವರ ಸುಪರ್ದಿಯಲ್ಲಿದೆ. ಗಿರಾಕಿಗಳು ಅವರಿಗೆ ಪಾತಾಳರಾಯ ಎಂದು ಹೆಸರಿಟ್ಟಿದ್ದಾರೆ. ಒಡತಿಯ ಅಪ್ಪನ ಕಾಲದಲ್ಲಿ ಸೇರಿದವರು. ಅವಳು ಲಂಗ ಹಾಕಿಕೊಂಡು ಖಾಲಿ ಪೀಪಾಯಿಗಳ ಮೇಲೆ ಕುಣಿಯುತ್ತಿದ್ದಾಗಿನಿಂದ ನೋಡಿದವರು. ಅವಳಿಗೀಗ ನಲವತ್ತು ದಾಟಿದೆ. ಇವರು ಇನ್ನೂ ಪುಟ್ಟಿ ಎನ್ನುತ್ತಾರೆ, ಅವಳು ಚಿಕ್ಕಪ್ಪ ಎನ್ನುತ್ತಾಳೆ.

ಈ ಕೆಲಸವನ್ನು ನನಗೆ ಕಲಿಸಿದ್ದು ಮಾವನೇ. ಮದುವೆಯಾದ ಹೊಸತರಲ್ಲಿ ನಾನು ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹಾಕುತ್ತಿದ್ದೆ. ದಿನಕ್ಕೆ ಎಂಟುನೂರು ಗುಂಡಿ. ಒಂದು ದಿನ ಅವರಿಗೆ ಬುತ್ತಿ ಕೊಡಲು ಹೋದವಳನ್ನು ನಿಲ್ಲಿಸಿ ಬೆರಳ ಗೆಣ್ಣಿನಿಂದ ಸಿಲಿಂಡರನ್ನು ತಟ್ಟಿ ತೋರಿಸಿದರು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನೊಳಗೆ ದ್ರವವಾಗಿರುತ್ತದೆ. ಅದರ ಗೇಜು ಮಹಾ ಮಳ್ಳ. ತಳದಲ್ಲಿ ಒಂದು ಲೋಟ ಉಳಿದಿದ್ದರೂ ತುಂಬಿದಾಗ ಎಷ್ಟು ತೋರಿಸಿತ್ತೋ ಅಷ್ಟೇ ತೋರಿಸುತ್ತದೆ, ಆಮೇಲೆ ಒಮ್ಮೆಲೇ ಕೈಕೊಡುತ್ತದೆ. ಅದಕ್ಕೇ ತಟ್ಟಬೇಕು. ದ್ರವ ಇರುವಷ್ಟು ಎತ್ತರ ದಬ್ ದಬ್ ಎನ್ನುತ್ತದೆ, ಅದರ ಮೇಲೆ ಟಣ್ ಎನ್ನುತ್ತದೆ. "ಕಣ್ಣು ಮೋಸ ಹೋಗುತ್ತೆ ಕಣಮ್ಮ, ಕಿವಿ ಹೋಗಲ್ಲ" ಎಂದಿದ್ದರು. ಆರು ತಿಂಗಳಲ್ಲಿ ನಾನು ಗುಂಡಿಗಳಿಗೆ ಕೈ ಮುಗಿದು ಗ್ಯಾಸಿಗೆ ಬಂದೆ. ಈಗ ಊರಿನ ಹತ್ತೊಂಬತ್ತು ಬಾರುಗಳ ಗ್ಯಾಸು ನನ್ನ ಕೈಯಲ್ಲಿದೆ. ವರ್ಷಕ್ಕೊಮ್ಮೆ ಪರವಾನಗಿ ಕಚೇರಿಗೆ ಹೋಗುವ ತಪಾಸಣೆ ಫಾರಮ್ಮಿನ ಮೇಲೆ ಸಹಿ ಹಾಕುವವಳೂ ನಾನೇ.

ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಇಳಿದರೆ ಮೊದಲು ಒಂದು ಚಿಕ್ಕ ಕೋಣೆ: ಮೇಜು, ಕುರ್ಚಿ, ಗೋಡೆಯ ಮೇಲೆ ಗ್ಯಾಸು ಸೋರಿದರೆ ಕೂಗುವ ಅಲಾರಂ ಪೆಟ್ಟಿಗೆ. ಅದರಾಚೆ ದಪ್ಪ ಬಾಗಿಲಿನ ಶೀತಲ ಕೋಣೆ. ಪೀಪಾಯಿಗಳೂ ಸಿಲಿಂಡರುಗಳೂ ಇರುವುದು ಅದರೊಳಗೆ. ಮಾವ ಉಣ್ಣೆಯ ಟೋಪಿ ಹಾಕಿಕೊಂಡು ಒಳಗೇ ನಿಂತಿದ್ದರು.

"ಸಿಲಿಂಡರ್ ಕಳಿಸೋನು ಕಳ್ಳ" ಎಂದರು, ನಾನು ಬಾಯಿ ತೆರೆಯುವ ಮೊದಲೇ. "ಭಾನುವಾರ ಹಾಕಿದ ನೈಟ್ರೋಜನ್ನು, ಆಗಲೇ ಖಾಲಿ. ಅರ್ಧ ತುಂಬಿಸಿ ಕಳಿಸ್ತಾನೆ. ಇರು, ಹೊಸದು ಹಾಕ್ತೀನಿ."

ಹಾಕಿದರು. ಕೈಯಲ್ಲಿ ಏನೂ ಕಸುವು ಕಡಿಮೆಯಾಗಿಲ್ಲ, ಸ್ಪ್ಯಾನರ್ ಒಂದೇ ಪಟ್ಟಿಗೆ ಕೂತಿತು. ಆಮೇಲೆ ವಾಲ್ವ್ ತಿರುಗಿಸಿದರು. ಗೋಡೆಯ ಫ್ಯಾನು ಆಗಷ್ಟೇ ನಿಂತಿತ್ತು, ಕೋಣೆ ನಿಶ್ಶಬ್ದವಾಗಿತ್ತು. ನೈಟ್ರೋಜನ್ ವಾಷರಿನ ಸಂದಿಯಿಂದ ಸುಯ್ಯೆಂದು ಹೊರಡತೊಡಗಿತು. ಸಣ್ಣ ಸದ್ದೇನಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳಿಸುವಂಥದ್ದು. ಮಾವ ಅದರಿಂದ ಒಂದು ಮೊಳ ದೂರದಲ್ಲಿ ಕಿವಿಯನ್ನು ವಾಲ್ವಿನ ಕಡೆ ಬಾಗಿಸಿ ಸ್ವಲ್ಪ ಹೊತ್ತು ನಿಂತರು, ನನಗೆ ಕಲಿಸಿದಾಗ ಹೇಗೆ ನಿಂತಿದ್ದರೋ ಹಾಗೆಯೇ.

"ಬಿಗಿ ಇದೆ. ಈಗ ಸರಿಹೋಯ್ತು ನೋಡು" ಎಂದರು.

ನಾನು ಕೈ ಚಾಚಿ ವಾಲ್ವ್ ಮುಚ್ಚಿದೆ. ವಾಷರ್ ಸವೆದಿದೆ, ಹೇಗಿದ್ದರೂ ಪೆಟ್ಟಿಗೆ ಹಳತಾಗಿದೆ, ಶುಕ್ರವಾರ ಹೊಸದು ತಂದು ಎರಡನ್ನೂ ಬದಲಾಯಿಸುತ್ತೇನೆ, ಅಲ್ಲಿಯ ತನಕ ಕರಿ ಬಿಯರ್ ಬೇಡ ಎಂದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಎಷ್ಟು ದಿನದಿಂದ ಹೀಗೆ ತುಟಿ ನೋಡುತ್ತಿದ್ದಾರೆ ಎಂದು ನೆನಪು ಮಾಡಿಕೊಳ್ಳಲು ಹೋದರೆ ವರ್ಷಗಟ್ಟಲೆ ಹಿಂದಕ್ಕೆ ಹೋಗಬೇಕಾಯಿತು. ಒಂದೇ ಮನೆಯಲ್ಲಿ, ಒಂದೇ ಮೇಜಿನ ಮೇಲೆ ಉಣ್ಣುವವಳು ನಾನು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಹೊರಗಿನ ಕೋಣೆಗೆ ಬಂದೆವು. ಮಾವ ನನಗೆ ಬೆನ್ನು ಹಾಕಿ ಮೇಜಿನ ಮೇಲೆ ಬಗ್ಗಿ, ಪೀಪಾಯಿಗಳ ಪಟ್ಟಿ ಬರೆಯತೊಡಗಿದರು. ಅಲಾರಂ ಪೆಟ್ಟಿಗೆ ನನ್ನ ಭುಜದ ಪಕ್ಕದಲ್ಲಿತ್ತು. ಅದರ ಪರೀಕ್ಷೆಯ ಗುಂಡಿ ಒತ್ತಿದೆ. ಒಂದು, ಎರಡು, ಮೂರು ಸಲ ಕೀರಲು ದನಿಯಲ್ಲಿ ಕಿರುಚಿಕೊಂಡಿತು. ಮೇಲಿನಿಂದ ಒಡತಿ "ಏನಾಯ್ತೇ?" ಎಂದು ಕೂಗಿದಳು. "ಏನಿಲ್ಲ, ಟೆಸ್ಟು" ಎಂದು ನಾನೂ ಕೂಗಿದೆ. ಮಾವ ಆರನೇ ಪೀಪಾಯಿ ಮುಗಿಸಿ ಏಳನೆಯದರ ಅಂಕಿ ಬರೆಯುತ್ತಿದ್ದರು. ಅವರ ಅಕ್ಷರ ದುಂಡಗಿದೆ.

ಫಾರಮ್ಮಿನಲ್ಲಿ ಹದಿನೇಳು ಪ್ರಶ್ನೆಗಳಿವೆ. ಹದಿನಾಲ್ಕನೆಯದು ಹೀಗಿದೆ: ಅಲಾರಂ ಪರೀಕ್ಷಿಸಿದಾಗ ನೆಲಮಾಳಿಗೆಯ ಹೊಣೆ ಹೊತ್ತವರಿಗೆ ಕೇಳಿಸಿತೇ? ಹೌದು, ಇಲ್ಲ. ಈ ಗ್ಯಾಸುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿ ಕೋಣೆ ತುಂಬಿದರೆ ಉಸಿರಾಡುವ ಗಾಳಿಯ ಜಾಗವನ್ನು ಹಿಡಿದುಬಿಡುತ್ತವೆ. ಕಾರ್ಬನ್ ಡೈಆಕ್ಸೈಡಂತೂ ಭಾರ. ನೆಲದಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಮೈಗೂ ವಿಷ. ಹಾಗಾಗಿ ಹದಿನಾಲ್ಕನೆಯದಕ್ಕೆ ಇಲ್ಲ ಎಂದು ಬರೆದರೆ ಅಂಥವರು ಕೆಳಗೆ ಇಳಿಯುವಂತಿಲ್ಲ. ಫಾರಮ್ಮು ಶುಕ್ರವಾರದೊಳಗೆ ಹೋಗಬೇಕಿತ್ತು.

ಅವತ್ತು ಸಂಜೆ ಗಂಡನಿಗೆ ಹೇಳಿದೆ. ಅವನು ಶಾಲೆಯ ಬಸ್ ಓಡಿಸುತ್ತಾನೆ. ದಿನವಿಡೀ ಮಕ್ಕಳ ಗಲಾಟೆ ಕೇಳಿ ಕೇಳಿ ಮನೆಯಲ್ಲಿ ಯಾರಾದರೂ ಸುಮ್ಮನಿದ್ದರೆ ಅವನಿಗೆ ಹಬ್ಬ.

"ಅಪ್ಪಂದು ಜಾಣ ಕಿವುಡು ಕಣೆ. ಮೊದಲಿಂದಲೂ ಹಾಗೇ. ಬೇಕಾದ್ದು ಮಾತ್ರ ಕೇಳಿಸುತ್ತೆ."

"ಜಾಣ ಕಿವುಡಲ್ಲ, ನಿಜವಾದ ಕಿವುಡು. ಅಲಾರಂ ಕೇಳಿಸಲಿಲ್ಲ."

ಅವನು ತಟ್ಟೆಯನ್ನು ಆಚೆ ಸರಿಸಿದ. "ಹೇಳಿಬಿಡ್ತೀಯಾ?" ಎಂದು ಕೇಳಿದ. ನಾನು ಗೊತ್ತಿಲ್ಲ ಎಂದೆ. ನೀನೇ ನೋಡಿಕೋ ಎಂದು ಎದ್ದು ಹೋದ. ಕಷ್ಟದ ವಿಷಯಗಳನ್ನು ಅವನು ನನ್ನ ಕೈಗೆ ಬಹಳ ಗೌರವದಿಂದ ಒಪ್ಪಿಸುತ್ತಾನೆ.

ಬುಧವಾರ ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಮಾವ ಅಡುಗೆಮನೆಗೆ ಬಂದರು. ನನಗೆ ಎದುರಾಗಿ, ನನ್ನ ಮುಖ ಕಾಣುವಂತೆ ಗೋಡೆಗೆ ಒರಗಿ ನಿಂತರು. ಅದೂ ಯಾವಾಗಿನಿಂದಲೋ ಇರುವ ಅಭ್ಯಾಸ, ನಾನೇ ಗಮನಿಸಿರಲಿಲ್ಲ.

"ಗುಂಡಿ ಒತ್ತಿದೆಯಲ್ಲ, ನಿನ್ನೆ?"

"ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನೆಯಿಂದ ನಿನ್ನ ಮುಖ ನೋಡ್ತಿದೀನಲ್ಲ. ಬೇರೆ ಏನು ಕೆಲಸ ನಂಗೆ, ಎಲ್ಲರ ಮುಖ ನೋಡೋದೇ." ಅವರು ನಕ್ಕರು, ನಾನು ನಗಲಿಲ್ಲ. "ಹೌದು ಅಂತ ಬರಿ. ಒಂದು ಗೀಟು, ಅಷ್ಟೇ."

"ಮಾವ, ಕಿವಿಗೆ ಮೆಷಿನ್ ಹಾಕಿಸೋಣ. ಈಗೆಲ್ಲ ಸಣ್ಣ ಸಣ್ಣದು ಬಂದಿದೆ, ಕಾಣಿಸೋದೇ ಇಲ್ಲ."

"ಹಾಕಿಸ್ಕೊಂಡ ದಿನವೇ ಎಲ್ಲರಿಗೂ ಗೊತ್ತಾಗುತ್ತೆ. ಪುಟ್ಟಿ ಒಳ್ಳೇವಳು, ಬೈಯಲ್ಲ. ಮೇಲೆ ಬಂದು ಆರಾಮಾಗಿರಿ ಚಿಕ್ಕಪ್ಪ ಅಂತಾಳೆ. ಲೋಟ ಒರೆಸೋ ಕೆಲಸ ಕೊಡ್ತಾಳೆ." ಒದ್ದೆ ಕೈಯಲ್ಲಿ ನಿಂತಿದ್ದ ನನಗೆ ತಾವೇ ಟವೆಲು ಎತ್ತಿಕೊಟ್ಟರು. "ಮೇಲೆ ಜನ ಮಾತಾಡಿಸ್ತಾರಮ್ಮ. ಒಬ್ಬ ಆ ಕಡೆಯಿಂದ, ಒಬ್ಬ ಈ ಕಡೆಯಿಂದ. ಏನಂದ್ರು ಅಂತ ತಿಳಿಯಲ್ಲ. ಸುಮ್ನೆ ಹ್ಞೂಂ ಅಂತ ನಗಬೇಕು. ಅವರು ಅಮ್ಮ ಸತ್ತಳು ಅಂದಿದ್ರೂ ನಾನು ನಕ್ಕಿರ್ತೀನಿ. ಕೆಳಗೆ ಯಾರೂ ಮಾತಾಡ್ಸಲ್ಲ. ಅಲ್ಲಿ ನಾನು ಸರಿಯಾಗೇ ಇದೀನಿ."

ಇಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಂಟುನೂರು ಗುಂಡಿಗಳ ಎದುರಿನಿಂದ ಎಬ್ಬಿಸಿ ನನ್ನನ್ನು ಮನುಷ್ಯಳನ್ನಾಗಿ ಮಾಡಿದವರು ಒಂದೇ ಒಂದು ಗೀಟು ಕೇಳುತ್ತಿದ್ದರು. ಅಲಾರಂ ಪೆಟ್ಟಿಗೆಗೆ ಮಿಣುಕುವ ದೊಡ್ಡ ದೀಪವೊಂದು ಸಿಗುತ್ತದೆ, ಮುಂದಿನ ತಿಂಗಳು ಅದನ್ನು ತಂದು ಅವರ ಮೇಜಿನ ಎದುರಿಗೇ ಹಾಕಿಬಿಟ್ಟರೆ ಆಯಿತು ಎಂದು ಲೆಕ್ಕ ಹಾಕಿದೆ. ಆ ತನಕ ಏನಾಗುತ್ತದೆ, ಇಷ್ಟು ವರ್ಷ ಆಗದ್ದು? ಗುರುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫಾರಮ್ಮು ತೆಗೆದು, ಹದಿನಾಲ್ಕನೆಯದಕ್ಕೆ ಹೌದು ಎಂದು ಗೀಟು ಹಾಕಿ, ಕೆಳಗೆ ಸಹಿ ಮಾಡಿದೆ. ಈಗ ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಹಗುರವಾಯಿತು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಹೊಸ ಪೆಟ್ಟಿಗೆ ತೆಗೆದುಕೊಂಡು ಹೋದೆ. ಫಾರಮ್ಮು ಚೀಲದಲ್ಲಿತ್ತು, ಕೆಲಸ ಮುಗಿದ ಮೇಲೆ ಒಡತಿಯ ಸಹಿಯನ್ನೂ ಹಾಕಿಸಿಕೊಂಡು ಕಚೇರಿಗೆ ಕೊಟ್ಟು ಮನೆಗೆ ಹೋಗುವುದೆಂದಿದ್ದೆ. ಬಾರು ತುಂಬಿತ್ತು. ಪಕ್ಕದ ಗೋದಾಮಿನಲ್ಲಿ ಬೆಳಗಿನ ಪಾಳಿ ಮುಗಿಸಿದವರೆಲ್ಲ ಬಂದು ಕೂತಿದ್ದರು.

"ಹಳದಿ ಬಿಯರ್ ನಿಲ್ಲಿಸ್ಬೇಡ ಮಾರಾಯ್ತಿ. ಇವರು ನನ್ನೇ ಕುಡಿದುಬಿಡ್ತಾರೆ" ಎಂದಳು ಒಡತಿ.

ನಿಯಮ ಪ್ರಕಾರ ಎರಡೂ ಸಿಲಿಂಡರ್ ಮುಚ್ಚಿ ಕೆಲಸ ಮಾಡಬೇಕು. ನೈಟ್ರೋಜನ್ ಮಾತ್ರ ಮುಚ್ಚಿ, ಹಳದಿ ಬಿಯರಿಗೆ ಹೋಗುವ ಕಾರ್ಬನ್ ಡೈಆಕ್ಸೈಡ್ ಹಾಗೇ ಬಿಟ್ಟೆ. ಎಲ್ಲರೂ ಹಾಗೇ ಮಾಡುತ್ತಾರೆ. ಇನ್ನೊಂದು ನಿಯಮವಿದೆ, ಅದನ್ನು ನಾನು ಎಂದೂ ಮೀರಿದವಳಲ್ಲ. ಶೀತಲ ಕೋಣೆಯೊಳಗೆ ಫ್ಯಾನಿನ ಸದ್ದಿಗೆ ಹೊರಗಿನ ಅಲಾರಂ ಕೇಳಿಸುವುದಿಲ್ಲ. ಆದ್ದರಿಂದ ಒಬ್ಬರು ಒಳಗೆ ಕೆಲಸ ಮಾಡುವಾಗ ಇನ್ನೊಬ್ಬರು ಬಾಗಿಲ ಹೊರಗೆ ಕೂತಿರಬೇಕು. ನಮ್ಮ ಕೆಲಸದಲ್ಲಿ ಅವರನ್ನು ಹೊರಗಿನ ಕಿವಿ ಎನ್ನುತ್ತಾರೆ. ಅಲಾರಂ ಕೂಗಿದ ಕೂಡಲೇ ಬಾಗಿಲು ತೆಗೆದು ಒಳಗಿನವರನ್ನು ಎಳೆದುಕೊಳ್ಳಬೇಕು, ಅಷ್ಟೇ ಅವರ ಕೆಲಸ.

ಮಾವ ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು, ಪತ್ರಿಕೆಯ ಪದಬಂಧ ತೆರೆದು ಕೂತರು. ನಾನು ಒಂದು ಕ್ಷಣ ನಿಂತೆ. ಮೇಲಿನಿಂದ ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಕರೆದರೆ ಯಾಕೆ ಎಂದು ಕೇಳುತ್ತಾರೆ. ಕೇಳಿಸುತ್ತದೆ ಎಂದು ಸಹಿ ಹಾಕಿದವಳು ನಾನೇ. ಅಂಗಿಯ ಕೊರಳಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಗ್ಯಾಸ್ ಮೀಟರೊಂದು ನನ್ನ ಹತ್ತಿರ ಇದೆ; ಅದು ವ್ಯಾನಿನಲ್ಲಿ ಚಾರ್ಜಿಗಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಯಾರು ಮತ್ತೆ ಹದಿನಾಲ್ಕು ಮೆಟ್ಟಿಲು ಹತ್ತುತ್ತಾರೆ ಎಂದುಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಬೇರೆಯವರು ಹೀಗೆ ಮಾಡಿದ್ದರೆ ಅವರ ಚರ್ಮ ಸುಲಿಯುತ್ತಿದ್ದೆ.

ಹಳೆಯ ಪೆಟ್ಟಿಗೆ ಗೋಡೆಯ ಕೆಳಭಾಗದಲ್ಲಿತ್ತು. ಅದನ್ನು ಬಿಚ್ಚಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ಒಂದು ಗೇಣು ಸರಿಸಬೇಕಾಯಿತು. ಸರಿಸಿ, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಮಂಡಿಯೂರಿ ಕೂತೆ. ಸಿಲಿಂಡರಿನ ಹಿಂದೆ ಹಳೇ ಪೈಪೊಂದು ಕ್ಲಿಪ್ಪಿನಿಂದ ಕಳಚಿಕೊಂಡಿತ್ತು. ಅದು ನನಗೆ ಆಮೇಲೆ ಗೊತ್ತಾದದ್ದು. ಫ್ಯಾನು ಭರ್ರೆನ್ನುತ್ತಿತ್ತು, ಆ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿಕೊಂಡದ್ದನ್ನು ಮಾವ ಕಲಿಸಿದ ಕಿವಿಯೂ ಗುರುತಿಸಲಿಲ್ಲ.

ನಾಲ್ಕು ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಮೂರನೆಯದಕ್ಕೆ ಬರುವಾಗ ಏದುಸಿರು ಬರುತ್ತಿತ್ತು. ವಯಸ್ಸಾಯಿತು, ಸ್ಕ್ರೂ ಬಿಚ್ಚುವುದಕ್ಕೂ ಉಬ್ಬಸ ಎಂದುಕೊಂಡೆ. ತಲೆ ಸಿಡಿಯತೊಡಗಿತು. ಊಟ ತಡವಾದದ್ದಕ್ಕೆ ಎಂದುಕೊಂಡೆ. ಎದೆ ದಬದಬ ಹೊಡೆದುಕೊಳ್ಳುತ್ತಿತ್ತು, ನಾಲಿಗೆಯ ಮೇಲೆ ಸೋಡಾ ಕುಡಿದಂಥ ಹುಳಿ. ಆ ಹುಳಿ ತಿಳಿದ ಕ್ಷಣ ಎಲ್ಲವೂ ತಿಳಿಯಿತು. ಇಪ್ಪತ್ತು ವರ್ಷದಿಂದ ಇನ್ನೊಬ್ಬರಿಗೆ ಇದನ್ನೇ ಬೋಧಿಸಿಕೊಂಡು ಬಂದಿದ್ದೇನೆ: ಹುಳಿ ಬಂದರೆ ಯೋಚಿಸಬೇಡಿ, ಎದ್ದು ಹೊರಡಿ. ಏಳಲು ಹೋದರೆ ಮಂಡಿ ಕೇಳಲಿಲ್ಲ. ಪೀಪಾಯಿ ಹಿಡಿದು ಎದ್ದೆ. ಬಾಗಿಲು ಆರು ಹೆಜ್ಜೆ ದೂರದಲ್ಲಿತ್ತು. "ಮಾವಾ" ಎಂದು ಕೂಗಿದೆ. ಕೂಗಿದ್ದು ಎಂಥ ದಡ್ಡತನ ಎಂದು ಕೂಗಿದ ಮೇಲೆ ಹೊಳೆಯಿತು. ಭಯವಾಯಿತು, ಸತ್ತೇ ಹೋಗುತ್ತೇನೆ ಎಂಬ ಭಯ. ಭುಜದಿಂದ ಬಾಗಿಲಿನ ಹಿಡಿಯನ್ನು ಒತ್ತಿ ಹೊರಗೆ ಬಿದ್ದೆ.

ಹೊರಗಿನ ಕೋಣೆಯಲ್ಲಿ ಅಲಾರಂ ಗಂಟಲು ಹರಿಯುವಂತೆ ಕಿರುಚುತ್ತಿತ್ತು. ಪೆಟ್ಟಿಗೆಯ ಮೇಲಿನ ಕೆಂಪು ದೀಪ ಉರಿಯುತ್ತಿತ್ತು. ಸರಿಯಾಗಿ ಅದರ ಕೆಳಗೆ, ಅದಕ್ಕೆ ಬೆನ್ನು ಕೊಟ್ಟು, ಮಾವ ಕಾಲಮೇಲೆ ಕಾಲು ಹಾಕಿ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದರು. ಬಾಗಿಲು ತೆರೆದದ್ದು ಕಂಡು ತಲೆಯೆತ್ತಿ ನಕ್ಕರು.

"ಆಗಲೇ ಮುಗೀತಾ?"

ಮೇಲಿನ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ನಾನು ಕೆಳಗೆ ಕೂತು ಉಸಿರೆಳೆದುಕೊಳ್ಳುತ್ತಾ ಅವರ ತಲೆಯ ಮೇಲಕ್ಕೆ ಕೈ ತೋರಿಸಿದೆ. ಅವರು ತಿರುಗಿ ನೋಡಿದರು. ಕೆಂಪು ದೀಪ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕುರ್ಚಿ ಬಿದ್ದ ಪರಿವೆಯಿಲ್ಲದೆ ಎದ್ದು, ಒಳಗಿನ ಗಾಳಿಯನ್ನು ಹೊರಗೆ ಎಳೆಯುವ ದೊಡ್ಡ ಫ್ಯಾನಿನ ಸ್ವಿಚ್ ಹಾಕಿ, ಶೀತಲ ಕೋಣೆಯ ಬಾಗಿಲನ್ನು ಒದ್ದು ಪೂರಾ ತೆರೆದು, ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಮೆಟ್ಟಿಲ ಮೇಲಕ್ಕೆ ಎಳೆದರು. ಅರವತ್ತೆಂಟರ ಮುದುಕ. ಹತ್ತನೇ ಮೆಟ್ಟಿಲಿನ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಕುಸಿದು ಕೂತೆವು.

ಸುಮಾರು ಹೊತ್ತಿನ ಮೇಲೆ ದೀಪ ಹಸಿರಾಯಿತು. ಕೆಳಗಿಳಿದು ನಾನು ಸಿಲಿಂಡರ್ ಮುಚ್ಚಿದೆ. ಈ ಸಲ ಮಾವ ಬಾಗಿಲಲ್ಲೇ ನಿಂತು, ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಿದ್ದರು. ನಾನು ಹೊರಗೆ ಬಂದಾಗ ಅಲಾರಂ ಪೆಟ್ಟಿಗೆಯ ಎದುರು ಹೋಗಿ ನಿಂತಿದ್ದರು.

"ಎಷ್ಟು ಹೊತ್ತಿಂದ ಕೂಗ್ತಿತ್ತು?"

"ಈಗ ತಾನೇ ಶುರುವಾಗಿತ್ತು ಮಾವ. ನಾನು ಹೊರಗೆ ಬರೋ ಹೊತ್ತಿಗೆ."

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಪೆಟ್ಟಿಗೆಯ ಕೆಳಗೆ ಪುಟ್ಟ ಪರದೆಯಿದೆ, ಅಲಾರಂ ಎಷ್ಟು ನಿಮಿಷ ಕೂಗಿತೆಂಬುದನ್ನು ಅದು ತೋರಿಸುತ್ತದೆ. ಅದು ಅಲ್ಲಿದೆ ಎಂಬುದೇ ಆ ಹೊತ್ತಿನಲ್ಲಿ ನನಗೆ ಮರೆತುಹೋಗಿತ್ತು. ಅವರು ಇಪ್ಪತ್ತರ ಸಮೀಪದ ಅಂಕಿಯನ್ನು ಓದಿದರು. ಆಮೇಲೆ ನಾನು ಹೊರಗೆ ಬಿದ್ದ ಮೇಲಿನ ಹೊತ್ತನ್ನು ಬೆರಳು ಮಡಿಸಿ ಕಳೆದರು.

"ಹನ್ನೊಂದು" ಎಂದರು. "ನೀನು ಒಳಗಿದ್ದಾಗಲೇ ಹನ್ನೊಂದು ನಿಮಿಷ."

ನಾನು ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದೆ.

"ಅಷ್ಟು ಹೊತ್ತಲ್ಲಿ ನಾನು ಅಡ್ಡ ಸಾಲು ಅಷ್ಟೂ ಬಿಡಿಸ್ದೆ." ನೆಲದ ಮೇಲೆ ಬಿದ್ದಿದ್ದ ಪತ್ರಿಕೆಯನ್ನು ಎತ್ತಿ, ಮಡಿಸಿ, ಮೇಜಿನ ಮೇಲಿಟ್ಟರು. "ಫಾರಮ್ಮು ತೋರಿಸು."

ಕೊಟ್ಟೆ. ಕೊಡುವುದಿಲ್ಲ ಎನ್ನಲು ನನಗೆ ಮುಖವಿರಲಿಲ್ಲ. ಬೆರಳನ್ನು ಒಂದೊಂದೇ ಸಾಲಿನ ಮೇಲೆ ಇಳಿಸುತ್ತಾ ಹದಿನಾಲ್ಕಕ್ಕೆ ಬಂದು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ನಾನು ಕೇಳಿದ್ದು ಮಾವನಾಗಿ" ಎಂದರು. "ನೀನು ಗ್ಯಾಸಿನವಳಾಗಿ ಇಲ್ಲ ಅನ್ನಬೇಕಿತ್ತು. ಅಷ್ಟೂ ಕಲಿಸಲಿಲ್ವಾ ನಾನು ನಿಂಗೆ?"

ನನಗೆ ಅಳು ಬಂತು. ಅವರು ಅದನ್ನು ನೋಡಿಯೂ ಸಮಾಧಾನ ಮಾಡಲು ಬರಲಿಲ್ಲ. ಫಾರಮ್ಮು ಹಿಡಿದುಕೊಂಡೇ ಮೆಟ್ಟಿಲು ಹತ್ತತೊಡಗಿದರು, ನಾನು ಕಣ್ಣೊರೆಸಿಕೊಂಡು ಹಿಂದೆ ಹೋದೆ.

ಮೇಲೆ ಮೂರು ಗಂಟೆಯ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು. ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಹಳದಿ ಬಿಯರು ಯಾಕೆ ನಿಂತಿತು ಎಂದು ಒಬ್ಬ ಒಡತಿಯನ್ನು ರೇಗಿಸುತ್ತಿದ್ದ. ಪಾತಾಳರಾಯರು ಹಗಲು ಹೊತ್ತಿನಲ್ಲಿ ಮೇಲೆ ಬಂದದ್ದು ಕಂಡು ಇನ್ನೊಬ್ಬ "ಓಹೋ, ಭೂಕಂಪ ಗ್ಯಾರಂಟಿ" ಎಂದ. ಮಾವ ಅವನಿಗೆ ಹ್ಞೂಂ ಎಂದು ನಕ್ಕು, ಮುಂದೆ ಹೋದರು. ಕಟ್ಟೆಯ ಕೊನೆಯಲ್ಲಿ ಒಡತಿ ಲೋಟ ಜೋಡಿಸುತ್ತಿದ್ದಳು. ಅವರು ಅವಳ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳ ಕಿವಿಗೆ ಬಗ್ಗಿದರು. ಗುಟ್ಟು ಹೇಳುವವರ ಹಾಗೆ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಪುಟ್ಟೀ, ಯಾರಿಗೂ ಹೇಳಬೇಡ."

ಇಡೀ ಬಾರು ಥಟ್ಟನೆ ಸುಮ್ಮನಾಯಿತು. ಅವರು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಿದ್ದರು. ದನಿ ಬೀದಿಯ ತನಕ ಹೋಗುವಷ್ಟಿತ್ತು.

"ನಂಗೆ ಕಿವಿ ಕೇಳಿಸಲ್ಲ. ಮೂರು ನಾಲ್ಕು ವರ್ಷ ಆಯ್ತು, ಮುಚ್ಚಿಟ್ಟಿದ್ದೆ. ಇವತ್ತು ಒಳಗೆ ಗ್ಯಾಸು ಸೋರಿ ನನ್ನ ಸೊಸೆ ಸಾಯ್ತಾ ಇದ್ಳು, ಅಲಾರಂ ತಲೆ ಮೇಲೆ ಕೂಗ್ತಿತ್ತು, ನಾನು ಹೊರಗೆ ಕೂತು ಪದಬಂಧ ಬಿಡಿಸ್ತಿದ್ದೆ. ಕೀಲಿ ತಗೋ. ಅವಳು ಈ ಫಾರಮ್ಮಲ್ಲಿ ನನಗೋಸ್ಕರ ಒಂದು ತಪ್ಪು ಬರೆದಿದಾಳೆ, ಹರಿದುಹಾಕಿ ಹೊಸದು ಬರೆಸು. ಅವಳನ್ನ ಬೈಬೇಡ."

ಕೀಲಿಗೊಂಚಲನ್ನು ಕಟ್ಟೆಯ ಮೇಲೆ, ಸದ್ದಾಗದಂತೆ ಬೆರಳುಗಳಿಂದ ಹಿಡಿದು ಇಟ್ಟರು. ಒಡತಿಯ ಕಣ್ಣು ತುಂಬಿತ್ತು. ಅವಳು ಅವರ ಎರಡೂ ಕೈ ಹಿಡಿದುಕೊಂಡು, ಅವರಿಗೆ ಕಾಣುವಂತೆ ಮುಖ ಎತ್ತಿ, ದನಿಯೇ ಇಲ್ಲದೆ ತುಟಿ ಅಲುಗಿಸಿ ಹೇಳಿದಳು: "ಆಯ್ತು ಚಿಕ್ಕಪ್ಪ. ಯಾರಿಗೂ ಹೇಳಲ್ಲ."

ಮಾವ ತಿರುಗಿದರು. ಭೂಕಂಪದವನು ಮೊದಲು ಲೋಟಕ್ಕೆ ಬಗ್ಗಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿದರು, ಪಕ್ಕದವರ ಜೊತೆ ಏನೇನೋ ಮಾತು ತೆಗೆದರು, ಒಬ್ಬ ಸುಮ್ಮನೆ ಜೋರಾಗಿ ನಕ್ಕ. ಏನೂ ಆಗದ ಶುಕ್ರವಾರದ ಮಧ್ಯಾಹ್ನ ಬಾರು ಹೇಗಿರಬೇಕೋ ಹಾಗೆ ಕಾಣಿಸುವಂತೆ ಅಷ್ಟೂ ಜನ ಸೇರಿ ಮಾಡಿದರು. ಮಾವ ಅವರೆಲ್ಲರ ಮುಖ ನೋಡುತ್ತಾ ನನ್ನ ಹತ್ತಿರ ಬಂದು, ತೋಳು ಹಿಡಿದುಕೊಂಡು, ನನ್ನ ಕಿವಿಗೆ ಬಗ್ಗಿದರು.

"ಪುಟ್ಟಿ ಒಳ್ಳೇ ಹುಡುಗಿ" ಎಂದರು. "ಇಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ."

ಅದೂ ಬೀದಿಯ ತನಕ ಕೇಳಿಸಿತು. ನಾನು ಅವರಿಗೆ ಕಾಣುವಂತೆ ತಲೆಯಾಡಿಸಿದೆ.